ಅವಧಿಗೆ ಮೊದಲೇ ಬಾಡಿಗೆ ಮನೆ ಬಿಡುವಾಗ: ಕಾನೂನು, ಕರಾರು ಮತ್ತು ಶ್ರಾವಕ ಧರ್ಮ

ನೌಕರಿಯ ವರ್ಗಾವಣೆ, ಮಕ್ಕಳ ಓದು, ವ್ಯಾಪಾರದ ಏರುಪೇರು, ಹಿರಿಯರ ಅನಾರೋಗ್ಯ ಮುಂತಾದ ಕಾರಣಗಳಿಂದ ಬಾಡಿಗೆ ಮನೆಯನ್ನು ಕರಾರಿನ ಅವಧಿ ಮುಗಿಯುವ ಮೊದಲೇ ಬಿಡಬೇಕಾಗುತ್ತದೆ. ಕೆಲವೊಮ್ಮೆ ಊರಿನ ಪರಿಸ್ಥಿತಿಯೇ ಕಾರಣವಾಗುತ್ತದೆ. ಶಿವಮೊಗ್ಗದ ರಾಗಿಗುಡ್ಡದಲ್ಲಿ 2023ರ ಅಕ್ಟೋಬರ್ 1ರಂದು ಕಲ್ಲು ತೂರಾಟ ನಡೆದು, ಕೆಲವು ಮನೆಗಳಿಗೆ ಹಾನಿಯಾಗಿ, ನಿಷೇಧಾಜ್ಞೆ ಜಾರಿಯಾಗಿತ್ತು. ಅಂಥ ದಿನಗಳಲ್ಲಿ ಬಾಡಿಗೆಗಿರುವ ಯಾವ ಕುಟುಂಬಕ್ಕಾದರೂ ಬರುವ ಪ್ರಶ್ನೆ ಎರಡು: ಈಗಲೇ ಮನೆ ಬಿಡಬಹುದೇ? ಬಿಟ್ಟರೆ ಅಡ್ವಾನ್ಸ್ ಹಣದ ಗತಿ ಏನು?

ನಮ್ಮ ಸಮಾಜದಲ್ಲಿ ಬಾಡಿಗೆಗೆ ಇರುವವರೂ ಇದ್ದಾರೆ, ಬಾಡಿಗೆಗೆ ಕೊಟ್ಟವರೂ ಇದ್ದಾರೆ. ಇಬ್ಬರೂ ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಯಾವ ಕಾನೂನು ಅನ್ವಯಿಸುತ್ತದೆ?

ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ಕಾಯ್ದೆಯ ಪಟ್ಟಿಯಲ್ಲಿರುವ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದರೆ ಆ ಮನೆ ಕಾಯ್ದೆಯ ಹೊರಗೆ. ಇಂದಿನ ಹೆಚ್ಚಿನ ಮನೆಗಳ ಬಾಡಿಗೆ ಈ ಮಿತಿಯನ್ನು ದಾಟಿದೆ. ಹಾಗಾಗಿ ಲೆಕ್ಕಕ್ಕೆ ಬರುವುದು ಇಬ್ಬರೂ ಸಹಿ ಹಾಕಿದ ಕರಾರು ಪತ್ರ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು 1872ರ ಭಾರತೀಯ ಕರಾರು ಕಾಯ್ದೆ.

ಮೊದಲು ಕರಾರು ಪತ್ರ ತೆಗೆದು ಓದಬೇಕು. ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು, ಇಂತಿಷ್ಟು ತಿಂಗಳು ಬಿಡುವಂತಿಲ್ಲ ಎಂಬ ಷರತ್ತಿದೆಯೇ, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯಬಹುದು ಎಂಬ ಮೂರು ಅಂಶಗಳನ್ನು ನೋಡಿಕೊಳ್ಳಬೇಕು.

ಬರಹದ ಕರಾರು ಇಲ್ಲದೆ ತಿಂಗಳ ಬಾಡಿಗೆಗೆ ಇದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಸಾಕು. ಅದಕ್ಕೆ ಸಹಿ ಇರಬೇಕು. ಕೈಗೆ ಕೊಡಬಹುದು, ಅಂಚೆಯಲ್ಲಿಯೂ ಕಳಿಸಬಹುದು. ಫೋನಿನಲ್ಲಿ ಹೇಳಿದ ಮಾತಿಗೆ ಮುಂದೆ ಸಾಕ್ಷಿ ಇರುವುದಿಲ್ಲ.

ಕರಾರಿನಲ್ಲಿ 11 ತಿಂಗಳು ಎಂದು ಬರೆದು, ನಡುವೆ ಬಿಡುವ ಷರತ್ತೇ ಇಲ್ಲದಿದ್ದರೆ ಬಾಡಿಗೆದಾರ ಆ ಅವಧಿಗೆ ಬದ್ಧ. ಆದರೆ ಇಬ್ಬರೂ ಒಪ್ಪಿದರೆ ಯಾವ ದಿನ ಬೇಕಾದರೂ ಮನೆಯನ್ನು ಹಿಂದಕ್ಕೆ ಒಪ್ಪಿಸಲು 111ನೇ ಕಲಂ ಅವಕಾಶ ಕೊಡುತ್ತದೆ. ಆ ಒಪ್ಪಿಗೆಯನ್ನು ಎರಡು ಸಾಲಿನಲ್ಲಾದರೂ ಬರೆದಿಟ್ಟುಕೊಳ್ಳುವುದು ಕ್ಷೇಮ.

ಗಲಭೆ, ನೆರೆ, ಬೆಂಕಿಯ ಸಂದರ್ಭ

108ನೇ ಕಲಂನಲ್ಲಿ ಇದಕ್ಕೆ ಸ್ಪಷ್ಟ ನಿಯಮವಿದೆ. ಬೆಂಕಿ, ಬಿರುಗಾಳಿ, ನೆರೆ ಅಥವಾ ಗುಂಪಿನ ಹಿಂಸೆಯಿಂದ ಮನೆಯ ಮುಖ್ಯ ಭಾಗ ಪೂರ್ತಿ ನಾಶವಾದರೆ, ಇಲ್ಲವೇ ಶಾಶ್ವತವಾಗಿ ವಾಸಕ್ಕೆ ಯೋಗ್ಯವಲ್ಲದ ಸ್ಥಿತಿಗೆ ಬಂದರೆ, ಬಾಡಿಗೆದಾರ ತನ್ನ ಇಚ್ಛೆಯಂತೆ ಕರಾರನ್ನು ರದ್ದು ಮಾಡಬಹುದು. ಆದರೆ ಕಿಟಕಿಯ ಗಾಜು ಒಡೆದಿದೆ, ಬೀದಿಯಲ್ಲಿ ಓಡಾಡಲು ಭಯವಾಗುತ್ತಿದೆ ಎಂಬಷ್ಟಕ್ಕೆ ಈ ಹಕ್ಕು ಸಿಗುವುದಿಲ್ಲ. ಆಗ ಮಾಲೀಕರೊಂದಿಗೆ ಮಾತನಾಡಿ ಒಪ್ಪಿಗೆಯಿಂದ ಬಿಡುವುದೇ ದಾರಿ. ಮಕ್ಕಳು, ವಯಸ್ಸಾದವರು ಇರುವ ಮನೆಯವರು ಹೆದರಿ ಕೇಳಿದಾಗ ಮಾಲೀಕರು ನೋಟಿಸ್ ಅವಧಿಯಲ್ಲಿ ಸ್ವಲ್ಪ ಸಡಿಲಿಸಿದರೆ ಅವರಿಗೆ ದೊಡ್ಡ ಉಪಕಾರವಾಗುತ್ತದೆ.

ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯಬಹುದು?

ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿಯೇ. ಕರಾರು ಮುರಿದರೆ ಇಷ್ಟು ದಂಡ ಎಂದು ಬರೆದಿದ್ದರೂ ಅಷ್ಟೂ ಹಣ ತಾನಾಗಿಯೇ ಮಾಲೀಕರದ್ದಾಗುವುದಿಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಿಗುತ್ತದೆ. 73ನೇ ಕಲಂ ಪ್ರಕಾರ ನಷ್ಟ ಎಣಿಸುವಾಗ ಅದನ್ನು ತಪ್ಪಿಸಿಕೊಳ್ಳಲು ಇದ್ದ ದಾರಿಯನ್ನೂ ನೋಡಬೇಕು. ಬೇರೆ ಬಾಡಿಗೆದಾರರು ಬಂದಿದ್ದರೂ ಮನೆ ಖಾಲಿ ಇಟ್ಟು, ಉಳಿದ ತಿಂಗಳುಗಳ ಬಾಡಿಗೆ ಕೇಳುವುದು ನಿಲ್ಲುವುದಿಲ್ಲ.

ಒಂದು ಉದಾಹರಣೆ ನೋಡಿ. ಬಾಡಿಗೆ 8,000, ಅಡ್ವಾನ್ಸ್ 50,000 ರೂಪಾಯಿ. ಕರಾರಿನಲ್ಲಿ ಒಂದು ತಿಂಗಳ ನೋಟಿಸ್ ಮತ್ತು ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಎಂದಿದೆ. ಆರು ತಿಂಗಳು ಇದ್ದವರು ನೋಟಿಸ್ ಕೊಡದೆ ಕೀಲಿ ಒಪ್ಪಿಸಿ ಹೊರಟರು. ವಿದ್ಯುತ್ ಬಿಲ್ ಬಾಕಿ 640. ಆಗ ನೋಟಿಸ್ ಬಾಬ್ತು 8,000, ಬಣ್ಣಕ್ಕೆ 8,000, ಬಿಲ್ 640, ಒಟ್ಟು 16,640 ಹಿಡಿದು 33,360 ರೂಪಾಯಿ ಹಿಂದಿರುಗಿಸಬೇಕು. ಉಳಿದ ಐದು ತಿಂಗಳಿಗೆ 40,000 ಆಯಿತು ಎಂದು ಹಿಡಿದುಕೊಳ್ಳುವುದು ನ್ಯಾಯವಲ್ಲ. ದಿನನಿತ್ಯದ ಬಳಕೆಯಿಂದ ಆಗುವ ಸವಕಳಿಗೂ ಹಣ ಕೇಳುವಂತಿಲ್ಲ.

ಭೋಗ್ಯಕ್ಕೆ ಹಾಕಿಕೊಂಡವರು ಇನ್ನೂ ಎಚ್ಚರದಿಂದಿರಬೇಕು. ಲಕ್ಷಗಟ್ಟಲೆ ಕೊಟ್ಟ ಹಣವನ್ನು ಮಾಲೀಕರು ಬೇರೆಡೆ ತೊಡಗಿಸಿರುತ್ತಾರೆ. ನಡುವೆ ಕೇಳಿದರೆ ಕೂಡಲೇ ಸಿಗುವುದು ಕಷ್ಟ. ಅವಧಿಗೆ ಮೊದಲೇ ಬಿಟ್ಟರೆ ಎಷ್ಟು ದಿನದಲ್ಲಿ ಹಣ ಕೊಡಬೇಕು ಎಂಬುದನ್ನು ಆರಂಭದಲ್ಲೇ ಬರೆಸಿ, ಪತ್ರವನ್ನು ನೋಂದಣಿ ಮಾಡಿಸುವುದು ಒಳ್ಳೆಯದು. ಹಣ ಕೈಗೆ ಬರುವ ಮೊದಲು ಕೀಲಿ ಕೊಡಬಾರದು.

ಅಡ್ವಾನ್ಸ್ ಎಂಬ ನ್ಯಾಸ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ನ್ಯಾಸಾಪಹಾರವೂ ಒಂದು. ನ್ಯಾಸ ಎಂದರೆ ನಂಬಿ ಒಪ್ಪಿಸಿದ ಹಣ ಅಥವಾ ಒಡವೆ. ಇಟ್ಟವನು ಮೊತ್ತ ಮರೆತು ಕಡಿಮೆ ಕೇಳಿದಾಗ, ಹೌದು ಅಷ್ಟೇ ಎಂದು ಒಪ್ಪಿ ಅಷ್ಟನ್ನೇ ಕೊಡುವುದು ಈ ದೋಷ ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇದನ್ನು ಕಳ್ಳತನದ ಕೆಳಗೆ ಹೇಳದೆ ಸತ್ಯವ್ರತದ ಕೆಳಗೆ ಹೇಳಿರುವುದನ್ನು ಗಮನಿಸಬೇಕು. ಭಯದಲ್ಲೋ ಅವಸರದಲ್ಲೋ ಮನೆ ಬಿಡುವವರು ಸಿಕ್ಕಷ್ಟು ಸಾಕು ಎಂದು ಹೋಗುತ್ತಾರೆ. ಅವರು ಕೇಳಲಿಲ್ಲ ಎಂಬ ಕಾರಣಕ್ಕೆ ಉಳಿದ ಹಣ ಮಾಲೀಕರದ್ದಾಗುವುದಿಲ್ಲ.

ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಅದೇ ಪಟ್ಟಿಯಲ್ಲಿದೆ. ಇಲ್ಲದ ರಿಪೇರಿಗೆ ಬಿಲ್ ಬರೆಸುವ ಮಾಲೀಕರಿಗೂ, ಹಿಂದಿನ ದಿನಾಂಕ ಹಾಕಿ ನೋಟಿಸ್ ತೋರಿಸುವ ಬಾಡಿಗೆದಾರರಿಗೂ ಇದು ಅನ್ವಯಿಸುತ್ತದೆ.

ಮನೆ ಬಿಡುವ ದಿನ ಮಾಡಬೇಕಾದದ್ದು

1. ಮಾಲೀಕರ ಎದುರಿಗೇ ಮನೆ ತೋರಿಸಿ, ಗೋಡೆ, ನಲ್ಲಿ, ಸ್ವಿಚ್‌ಗಳ ಫೋಟೋ ತೆಗೆದುಕೊಳ್ಳಿ.
2. ವಿದ್ಯುತ್ ಮೀಟರ್ ರೀಡಿಂಗ್ ಬರೆದುಕೊಂಡು ಬಾಕಿ ಚುಕ್ತಾ ಮಾಡಿ. ಗೃಹಜ್ಯೋತಿಗೆ ಆಧಾರ್ ಜೋಡಿಸಿದ್ದರೆ ಹಳೆ ಮನೆಯ ಆರ್.ಆರ್. ಸಂಖ್ಯೆಯಿಂದ ಬಿಡಿಸಿಕೊಳ್ಳಿ.
3. ಕೀಲಿ ಒಪ್ಪಿಸಿದ ದಿನಾಂಕ, ಹಿಡಿದ ಹಣ, ಹಿಂದಿರುಗಿಸಿದ ಹಣ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿ.
4. ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ಪಡೆಯಿರಿ.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಮೊಕದ್ದಮೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಅವಕಾಶವಿದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಅದಕ್ಕೂ ಮೊದಲು ಎರಡೂ ಕಡೆಯವರಿಗೆ ಬೇಕಾದ ಸಮಾಜದ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಕರಾರು ಪತ್ರ ಮುಂದಿಟ್ಟು ಲೆಕ್ಕ ಮಾಡಿದರೆ ಎಷ್ಟೋ ವ್ಯಾಜ್ಯಗಳು ಅಲ್ಲಿಯೇ ತೀರುತ್ತವೆ.