ದನಗಳಲ್ಲಿ ಕಣ್ಣಿನ ಕ್ಯಾನ್ಸರ್: ಚಿಕಿತ್ಸಾ ಕ್ರಮಗಳು

ಹಾಲು ಕರೆಯುವ ಹಸುವಿನ ಕಣ್ಣಿನಲ್ಲಿ ಸದಾ ನೀರು ಸುರಿಯುತ್ತಿದ್ದರೆ, ಧೂಳು ಬಿದ್ದಿರಬೇಕೆಂದೋ ಹುಲ್ಲಿನ ಕಡ್ಡಿ ಚುಚ್ಚಿರಬೇಕೆಂದೋ ಭಾವಿಸುವುದು ಸಹಜ. ಆದರೆ ಅದೇ ಕಣ್ಣಿನಲ್ಲಿ ಅಕ್ಕಿಕಾಳಿನಷ್ಟು ಬಿಳಿಯ ಅಥವಾ ನಸುಗೆಂಪು ಗಂಟು ಕಾಣಿಸಿದರೆ ಅದನ್ನು ಕಡೆಗಣಿಸಬಾರದು. ಅದು ಕ್ಯಾನ್ಸರ್ ರೋಗದ ಆರಂಭವಾಗಿರಬಹುದು.

ಈ ರೋಗವು ಹೆಚ್ಚಾಗಿ 5 ವರ್ಷ ದಾಟಿದ ದನಗಳಲ್ಲಿ ಕಂಡುಬರುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಇದಕ್ಕೆ ಒಂದು ಮುಖ್ಯ ಕಾರಣ. ಆದುದರಿಂದ ಕಣ್ಣಿನ ಸುತ್ತ ಕಪ್ಪು ಬಣ್ಣವಿಲ್ಲದ ಹೋಲ್‌ಸ್ಟೀನ್ ಫ್ರೀಸಿಯನ್ ಹಾಗೂ ಅದರ ಮಿಶ್ರತಳಿಯ ರಾಸುಗಳಿಗೆ ಅಪಾಯ ಹೆಚ್ಚು. ಇದು ಮನುಷ್ಯರಿಗೆ ಅಂಟುವ ರೋಗವಲ್ಲ.

ಕಣ್ಣಿನ ಇತರ ಬೇನೆಗಳೂ ಹೀಗೆಯೇ ತೋರುವುದುಂಟು. ಗಂಟಿನ ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗಲೇ ರೋಗವು ಖಚಿತವಾಗುತ್ತದೆ. ಚಿಕಿತ್ಸೆಯ ಕ್ರಮವು ಗಂಟಿನ ಗಾತ್ರವನ್ನೂ ಸ್ಥಾನವನ್ನೂ ಅವಲಂಬಿಸಿರುತ್ತದೆ.

ಗಂಟು ಚಿಕ್ಕದಾಗಿದ್ದರೆ ಅದನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ರೋಗವು ಕಣ್ಣಿನ ಒಳಮೂಲೆಯಲ್ಲಿರುವ ಮೂರನೆಯ ರೆಪ್ಪೆಗೆ ಸೀಮಿತವಾಗಿದ್ದರೆ ಆ ರೆಪ್ಪೆಯನ್ನಷ್ಟೇ ಕತ್ತರಿಸಿದರೆ ಸಾಕು; ದೃಷ್ಟಿ ಉಳಿಯುತ್ತದೆ. ಎರಡನೆಯದು ಶೀತ ಚಿಕಿತ್ಸೆ. ಕೃತಕ ಗರ್ಭಧಾರಣೆಗಾಗಿ ವೀರ್ಯವನ್ನು ಕಾಪಿಡಲು ಬಳಸುವ ದ್ರವರೂಪದ ಸಾರಜನಕವೇ ಇಲ್ಲಿಯೂ ಸಾಧನ. ಅದರ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಗಂಟನ್ನು ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೊಮ್ಮೆ ಹೆಪ್ಪುಗಟ್ಟಿಸಿದಾಗ ರೋಗಕಣಗಳು ಸಾಯುತ್ತವೆ. ಮೂರನೆಯದು ಉಷ್ಣ ಚಿಕಿತ್ಸೆ. ಉಪಕರಣದ ಮೂಲಕ ಗಂಟಿಗೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ಸೆಕೆಂಡುಗಳ ಕಾಲ ನೀಡಲಾಗುತ್ತದೆ. ಮೇಲ್ಪದರದ ಗಂಟುಗಳಿಗೆ ಮಾತ್ರ ಇದು ಉಪಯುಕ್ತ. ಈ ಎರಡು ಸೌಲಭ್ಯಗಳು ಎಲ್ಲ ಆಸ್ಪತ್ರೆಗಳಲ್ಲಿಯೂ ಇರುವುದಿಲ್ಲ.

ರೋಗವು ಕಣ್ಣುಗುಡ್ಡೆಯನ್ನು ಆಕ್ರಮಿಸಿದ್ದರೆ ಕಣ್ಣನ್ನೇ ತೆಗೆಯಬೇಕಾಗುತ್ತದೆ. ಸುತ್ತಲೂ ಅರಿವಳಿಕೆ ಚುಚ್ಚುಮದ್ದು ನೀಡಿ ಈ ಶಸ್ತ್ರಕ್ರಿಯೆಯನ್ನು ನಡೆಸುವರು. ಒಂದು ಕಣ್ಣು ಕಳೆದುಕೊಂಡ ಹಸು ಮುಂದೆಯೂ ಮೇಯುತ್ತದೆ, ಹಾಲು ಕೊಡುತ್ತದೆ. ಕುರುಡಾದ ಪಕ್ಕದಿಂದ ಹತ್ತಿರ ಹೋಗುವಾಗ ದನಿ ಮಾಡಿ ಹೋಗಬೇಕು, ಅಷ್ಟೆ. ಆದರೆ ರೋಗವು ಕಿವಿಯ ಕೆಳಗಿನ ದುಗ್ಧರಸ ಗ್ರಂಥಿಗೂ ಶ್ವಾಸಕೋಶಕ್ಕೂ ಹರಡಿದ ಮೇಲೆ ಗುಣವಾಗುವ ಆಸೆ ತೀರ ಕಡಿಮೆ. ಅಕ್ಕಿಕಾಳಿನಷ್ಟಿದ್ದಾಗ ಕಣ್ಣನ್ನು ಉಳಿಸಬಹುದಾಗಿದ್ದ ರೋಗವು ತಡಮಾಡಿದರೆ ಪ್ರಾಣವನ್ನೇ ತೆಗೆಯುತ್ತದೆ.

ಆದುದರಿಂದ ಸುಣ್ಣ, ಸೊಪ್ಪಿನ ರಸ ಮುಂತಾದುವನ್ನು ಕಣ್ಣಿಗೆ ಹಾಕದೆ ಪಶುವೈದ್ಯರನ್ನು ಕಾಣಬೇಕು. ಹಲವು ರಾಜ್ಯಗಳಲ್ಲಿ 1962 ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನವು ಮನೆ ಬಾಗಿಲಿಗೆ ಬರುತ್ತದೆ. ಚಿಕಿತ್ಸೆಯ ನಂತರ ಗಾಯಕ್ಕೆ ನೊಣ ಮುತ್ತದಂತೆ ನೋಡಿಕೊಳ್ಳಬೇಕು. ವೈದ್ಯರು ಹೇಳಿದಷ್ಟು ದಿನ ಹಾಲನ್ನು ಬಳಸಬಾರದು. ಗಂಟು ಮರುಕಳಿಸಬಹುದಾದ ಕಾರಣ ಎರಡೂ ಕಣ್ಣುಗಳನ್ನು ಆಗಾಗ್ಗೆ ಪರೀಕ್ಷಿಸುತ್ತಿರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ರಾಸುಗಳನ್ನು ನೆರಳಿನಲ್ಲಿ ಕಟ್ಟುವುದು ಕ್ಷೇಮಕರ.