ಹಳದಿ ಬೆಲ್ಲದಲ್ಲಿರುವ ಗಂಧಕ

ಶ್ರೀರಂಗಪಟ್ಟಣ, ಪಾಂಡವಪುರದ ಕಬ್ಬಿನ ಗದ್ದೆಗಳಿಗೆ ಕನ್ನಂಬಾಡಿ ಕಟ್ಟೆಯ ನಾಲೆ ನೀರುಣಿಸಿದರೆ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಕೆಲವು ಭಾಗಗಳಿಗೆ ಹೇಮಾವತಿ ನಾಲೆಯಿದೆ. ಕಬ್ಬು ಇದ್ದಲ್ಲಿ ಆಲೆಮನೆ ಇದ್ದೇ ಇರುತ್ತದೆ. 'ಒಂದು ಜಿಲ್ಲೆ ಒಂದು ಉತ್ಪನ್ನ' ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಆಯ್ಕೆಯಾಗಿರುವುದೂ ಬೆಲ್ಲವೇ.

ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಹಿಂದಿನವರು ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು. ಕಲ್ಮಶವೆಲ್ಲ ನೊರೆಯಾಗಿ ಮೇಲೆ ಬರುತ್ತಿತ್ತು, ಅದನ್ನು ತೆಗೆದು ಪಾಕ ಇಳಿಸಿದರೆ ಬೆಲ್ಲ ಕಂದಾಗಿರುತ್ತಿತ್ತು. ಈಗ ಅನೇಕ ಕಡೆ 'ಹೈಡ್ರೋಸ್' ಎಂಬ ಬಿಳಿ ಪುಡಿ ಬೀಳುತ್ತದೆ. ಇದರ ಪೂರ್ಣ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವವರೂ ಬಳಸುವ ವಸ್ತು. ಇದು ರಸದ ಬಣ್ಣವನ್ನು ಕಳೆದು, ಗಂಧಕದ ಡೈಆಕ್ಸೈಡನ್ನು ಬಿಡುತ್ತದೆ. ಕುದಿಯುವಾಗ ಅದರಲ್ಲಿ ಒಂದಿಷ್ಟು ಹಾರಿಹೋಗುತ್ತದೆ, ಉಳಿದದ್ದು ಅಚ್ಚಿಗೆ ಸೇರುತ್ತದೆ. ಹೀಗೆ ಬಂದ ಹಳದಿಯೂ ಶಾಶ್ವತವಲ್ಲ. ಕೆಲವು ತಿಂಗಳಿಟ್ಟರೆ ಮತ್ತೆ ಕಪ್ಪಾಗುತ್ತದೆ.

ಗಂಧಕದ ಡೈಆಕ್ಸೈಡ್ ಹೊಸದೇನಲ್ಲ. ಹಣ್ಣಿನ ಸ್ಕ್ವಾಷ್, ಒಣದ್ರಾಕ್ಷಿ, ಒಣ ಏಪ್ರಿಕಾಟ್‌ಗಳಲ್ಲಿ ಬೂಷ್ಟು ಮತ್ತು ಹುದುಗುವಿಕೆ ತಡೆಯಲು ಬಳಸುವ ಸಂರಕ್ಷಕ ಇದೇ. ಪೊಟ್ಟಣದ ಮೇಲೆ ಐಎನ್‌ಎಸ್ 220ರಿಂದ 228ರವರೆಗಿನ ಸಂಖ್ಯೆ ಕಂಡರೆ ಈ ಕುಟುಂಬದ್ದೆಂದು ತಿಳಿಯಬೇಕು. ಶ್ರಾವಕರ ಮನೆಗಳಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆಗೆ ಉತ್ತರ ಸರಳ: ಇದು ಖನಿಜ ಮೂಲದ್ದು, ಪ್ರಾಣಿಜನ್ಯವಲ್ಲ. ಆದರೆ ಹಸಿರು ಚುಕ್ಕೆ ಅಷ್ಟನ್ನೇ ಹೇಳುತ್ತದೆ, ಗಂಧಕ ಎಷ್ಟಿದೆ ಎಂದು ಹೇಳುವುದಿಲ್ಲ.

ಹೆಚ್ಚಿನವರಿಗೆ ಅಲ್ಪ ಪ್ರಮಾಣದಿಂದ ತೊಂದರೆಯಾಗದು. ಆಸ್ತಮಾ ಇರುವ ಕೆಲವರಿಗೆ ಮಾತ್ರ ಉಬ್ಬಸ ಕೆರಳಬಹುದು. ಆದ್ದರಿಂದಲೇ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ ಪೊಟ್ಟಣದ ಮೇಲೆ ನಮೂದಿಸಬೇಕೆಂಬ ನಿಯಮವಿದೆ. ಬೆಲ್ಲಕ್ಕೂ ಮಿತಿಯಿದೆ, ಕಿಲೋಗೆ 70 ಮಿಲಿಗ್ರಾಂ. ತೊಡಕು ಇರುವುದು ಸಂತೆಯಲ್ಲಿ: ಬಿಡಿ ಬೆಲ್ಲಕ್ಕೆ ಚೀಟಿಯೇ ಇಲ್ಲ.

ಆಲೆಮನೆಯವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಹಳದಿ ಅಚ್ಚಿಗೆ ಬೆಲೆ ಹೆಚ್ಚು, ಕಂದು ಅಚ್ಚನ್ನು ಕೊಳ್ಳುವವರೇ ಪಕ್ಕಕ್ಕೆ ಸರಿಸುತ್ತಾರೆ. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೂ ಹೊಳೆಯುವ ತುಂಡೇ ಬೇಕು. ಅಂಗಡಿಯಲ್ಲಿ 'ಕೆಮಿಕಲ್ ಹಾಕದ ಬೆಲ್ಲ' ಎಂದು ಕೇಳಿದರೆ ಅನೇಕ ಕಡೆ ಸಿಗುತ್ತದೆ. ಅದು ಕಂದಾಗಿರುತ್ತದೆ, ಮಳೆಗಾಲದಲ್ಲಿ ನೀರೊಡೆಯದಂತೆ ಒಣಗಿದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು.