ಮುದ್ದೆ ಉಂಡವರ ಲೆಕ್ಕ

1990ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್’ ಪತ್ರಿಕೆಯಲ್ಲಿ ಬೆಂಗಳೂರಿನಿಂದ ಹೋದ ಒಂದು ಲೇಖನ ಅಚ್ಚಾಯಿತು. ಬರೆದವರು ಕಿದ್ವಾಯಿ ಆಸ್ಪತ್ರೆಯ ಡಾ. ಎ. ನಂದಕುಮಾರ್ ಮತ್ತು ಸಂಗಡಿಗರು. ವಿಷಯ ಬಾಯಿ ಕ್ಯಾನ್ಸರ್. ಬಾಯಿಯ ಕ್ಯಾನ್ಸರ್ ಬಂದ 348 ಮಂದಿಯನ್ನು ತೆಗೆದುಕೊಂಡು, ಅವರದೇ ವಯಸ್ಸಿನ, ಅವರದೇ ಬಡಾವಣೆಗಳ, ಆದರೆ ಕ್ಯಾನ್ಸರ್ ಇಲ್ಲದವರ ಜೊತೆ ಹೋಲಿಸಿದ್ದರು. ಏನು ಜಗಿಯುತ್ತೀರಿ, ದಿನಕ್ಕೆಷ್ಟು ಸಲ, ಎಷ್ಟು ವರ್ಷದಿಂದ, ಬೀಡಿ ಸೇದುತ್ತೀರಾ, ನಶ್ಯ ಏರಿಸುತ್ತೀರಾ, ಹೆಂಡ ಕುಡಿಯುತ್ತೀರಾ ಎಂದು ಒಂದೊಂದನ್ನೂ ಜಾಲಾಡಿದ್ದರು.

ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿಯುವ ಹೆಂಗಸರಿಗೆ, ಜಗಿಯದವರಿಗಿಂತ 25 ಪಟ್ಟು ಹೆಚ್ಚು ಅಪಾಯವಿತ್ತು. ದವಡೆಗೆ ಹೊಗೆಸೊಪ್ಪು ಒತ್ತಿಕೊಂಡೇ ನಿದ್ದೆ ಹೋಗುವವರಿಗೆ ಸುಮಾರು 17 ಪಟ್ಟು. ನಶ್ಯ, ಹೆಂಡಗಳ ಮೇಲೆ ತಪ್ಪು ಹೊರಿಸಲು ಆಧಾರ ಸಿಗಲಿಲ್ಲ. ಹೊಗೆಸೊಪ್ಪಿನ ಮೇಲಿನ ಗುಮಾನಿ ಹಳೆಯದು. 1933ರಷ್ಟು ಹಿಂದೆಯೇ ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಯ ಡಾ. ಓರ್ ಅದನ್ನು ‘ಲ್ಯಾನ್ಸೆಟ್’ನಲ್ಲಿ ಬರೆದಿದ್ದರು. ಕಿದ್ವಾಯಿಯವರು ಇದು ನಮ್ಮ ಹೊಸ ಶೋಧ ಎಂದು ಹೇಳಿಕೊಂಡದ್ದು ಬೇರೆಯೇ ಒಂದು ಸಂಗತಿಯನ್ನು: ರಾಗಿ ಉಣ್ಣುವವರಲ್ಲಿ ಬಾಯಿ ಕ್ಯಾನ್ಸರಿನ ಅಪಾಯ ಎದ್ದು ಕಾಣುವಷ್ಟು ಹೆಚ್ಚು. ಹೊಗೆಸೊಪ್ಪು ಜಗಿತ, ರಾಗಿ ಊಟ ಎರಡೂ ಇದ್ದವರಿಗೆ, ಒಂದೇ ಇದ್ದವರಿಗಿಂತ ಅಪಾಯ ಇನ್ನೂ ಹೆಚ್ಚು.

ಮೈಸೂರು ಸೀಮೆಯ ಯಾವ ಮನೆಯಲ್ಲಿ ಓದಿ ಹೇಳಿದರೂ ಅಜ್ಜಿಯರು ‘ಮುದ್ದೆ ಉಂಡು ಯಾರಾದರೂ ಕಾಯಿಲೆ ಬೀಳ್ತಾರಾ’ ಎಂದಾರು. ರಾಗಿ ಉಂಡವನು ನಿರೋಗಿ ಎನ್ನುವುದು ನಂಬಿಕೆ. ಎಷ್ಟು ಜನ ಉಂಡರು, ಅವರಲ್ಲಿ ಎಷ್ಟು ಜನಕ್ಕೆ ಹುಣ್ಣು ಕ್ಯಾನ್ಸರಾಯಿತು ಎನ್ನುವುದು ಲೆಕ್ಕ. ಆ ಲೆಕ್ಕ ಇಡುವ ವ್ಯವಸ್ಥೆ ಆಗ ಬೆಂಗಳೂರಿನಲ್ಲಿ ಶುರುವಾಗಿ ಹತ್ತು ವರ್ಷವೂ ಆಗಿರಲಿಲ್ಲ.

ದೇಶದಲ್ಲಿ ಇದಕ್ಕೆ ಮೊದಲ ಹೆಜ್ಜೆ ಇಟ್ಟದ್ದು ಮುಂಬಯಿ. 1963ರಲ್ಲಿ ಡಾ. ಡಿ.ಜೆ. ಜುಸ್ಸಾವಾಲಾ ಅವರ ಮುಂದಾಳತ್ವದಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿ ಅಲ್ಲಿ ನೋಂದಣಿ ತೆರೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ರೂಪಿಸಿದ ಮೇಲೆ, 1982ರಿಂದ ಮುಂಬಯಿ, ಮದ್ರಾಸು, ಬೆಂಗಳೂರು ಮೂರೂ ಕಡೆ ಜನಸಂಖ್ಯೆಯನ್ನು ಆಧರಿಸಿದ ನೋಂದಣಿ ನಡೆಯತೊಡಗಿತು. ಬೆಂಗಳೂರಿನದು ಕಿದ್ವಾಯಿಯ ಪಾಲಿಗೆ ಬಂತು.

ಆಸ್ಪತ್ರೆಯ ರಿಜಿಸ್ಟರೇ ಇರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆ ಸಹಜ. ಕಿದ್ವಾಯಿಯ ಹೊರರೋಗಿ ವಿಭಾಗದಲ್ಲಿ ಮೈಸೂರಿನವರೂ ಕೂತಿರುತ್ತಾರೆ, ರಾಯಚೂರಿನವರೂ, ಆಂಧ್ರದವರೂ. ಅವರನ್ನೆಲ್ಲ ಕೂಡಿಸಿದರೆ ಆಸ್ಪತ್ರೆಯ ಕೆಲಸದ ಹೊರೆ ತಿಳಿಯುತ್ತದೆಯೇ ಹೊರತು ಯಾವ ಊರಿನಲ್ಲಿ ರೋಗ ಎಷ್ಟಿದೆ ಎಂಬುದಲ್ಲ. ಭಿನ್ನರಾಶಿಯಲ್ಲಿ ಅಂಶ ಮಾತ್ರ ಇದ್ದು ಛೇದ ಇಲ್ಲದಂತೆ. ಆದ್ದರಿಂದ ನೋಂದಣಿಯ ಸಿಬ್ಬಂದಿ ಕೂತಲ್ಲಿ ಕೂರುವುದಿಲ್ಲ. ಊರಿನ ಎಲ್ಲ ಆಸ್ಪತ್ರೆ, ನರ್ಸಿಂಗ್ ಹೋಂ, ಪೆಥಾಲಜಿ ಲ್ಯಾಬುಗಳಿಗೆ ತಾವೇ ಹೋಗಿ ಕಡತ ತಿರುವುತ್ತಾರೆ. ಪಾಲಿಕೆಯ ಮರಣ ನೋಂದಣಿಯನ್ನೂ ನೋಡುತ್ತಾರೆ. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಮ್ಮ ಎಂದು ಬರೆಸಿದವರು ಒಬ್ಬರೇನೋ ಇಬ್ಬರೇನೋ ಎಂದು ತಾಳೆ ನೋಡುತ್ತಾರೆ. ರೋಗಿ ಕನಿಷ್ಠ ಒಂದು ವರ್ಷದಿಂದ ಆ ಊರಿನ ನಿವಾಸಿಯಾಗಿದ್ದರೆ ಮಾತ್ರ ಲೆಕ್ಕಕ್ಕೆ. ಚಿಕಿತ್ಸೆಗೆಂದು ಮೈಸೂರಿನಿಂದ ಬಂದು ಬಸವನಗುಡಿಯ ತಮ್ಮನ ಮನೆಯಲ್ಲಿ ಇಳಿದುಕೊಂಡವರು ಆ ಲೆಕ್ಕದಲ್ಲಿ ಇಲ್ಲ. ಆಮೇಲೆ ಜನಗಣತಿಯ ಸಂಖ್ಯೆಯಿಂದ ಭಾಗಿಸಿ, ಮುದುಕರು ಹೆಚ್ಚಿರುವ ಊರು, ಹುಡುಗರು ಹೆಚ್ಚಿರುವ ಊರು ಎಂಬ ವ್ಯತ್ಯಾಸ ಕಳೆಯಲು ವಯಸ್ಸಿಗೆ ಹೊಂದಿಸಿ, ಲಕ್ಷಕ್ಕೆ ಇಷ್ಟು ಎಂದು ಹೇಳುತ್ತಾರೆ.

ಬಾಯಿ ಕ್ಯಾನ್ಸರಿನ ಆ ಅಧ್ಯಯನ ನಿಂತದ್ದು ಇಂಥ ನೋಂದಣಿಯ ಮೇಲೆ. ಆದರೂ ರಾಗಿಯನ್ನು ಈಗಲೇ ಕಟಕಟೆಗೆ ಏರಿಸುವಂತಿಲ್ಲ. ಬೆಂಗಳೂರಿನಲ್ಲಿ ಅನ್ನ ಉಣ್ಣುವವರೂ ಮುದ್ದೆ ಉಣ್ಣುವವರೂ ಬೆರೆತಿದ್ದರಿಂದ ಹೋಲಿಕೆ ಸಾಧ್ಯವಾಯಿತು, ನಿಜ. ಆದರೆ ಆ ಇಬ್ಬರ ನಡುವೆ ಊಟವೊಂದೇ ಬೇರೆಯಿತ್ತೇ? ಸೊಪ್ಪು ಬೇರೆ, ಕಸುಬು ಬೇರೆ, ಹಿಂದಿನ ತಲೆಮಾರಿನ ಹಳ್ಳಿ ಬೇರೆ. ರಾಗಿಯ ಹೆಸರಿನಲ್ಲಿ ಇನ್ನೇನೋ ಕೆಲಸ ಮಾಡಿರಬಹುದು. ಅದನ್ನು ಬಿಡಿಸಿ ನೋಡಲು ರಾಗಿಯೇ ದೊರೆಯಾಗಿರುವ ಕಡೆ, ದಿನಕ್ಕೊಂದು ಹೊತ್ತು ಮುದ್ದೆ, ಎರಡು ಹೊತ್ತು ಮುದ್ದೆ ಎಂಬ ಅಳತೆಯಲ್ಲಿ ಮತ್ತೊಮ್ಮೆ ಲೆಕ್ಕ ಹಾಕಬೇಕು. ಅಂದರೆ ಮೈಸೂರು, ಮಂಡ್ಯದ ಕಡೆ.

ಹಾಗೆ ಹಾಕಲು ಮೈಸೂರಿನಲ್ಲಿ ನೋಂದಣಿಯೇ ಇರಲಿಲ್ಲ. 2012ರಿಂದ 2016ರವರೆಗಿನ ಅಂಕಿಗಳನ್ನು ಕೊಟ್ಟ 2020ರ ರಾಷ್ಟ್ರೀಯ ವರದಿಯಲ್ಲಿ 28 ಜನಸಂಖ್ಯಾ ನೋಂದಣಿಗಳಿವೆ. ಮಿಜೋರಾಂ ಇದೆ, ನಾಗಾಲ್ಯಾಂಡ್ ಇದೆ, ಅರುಣಾಚಲದ ಪಾಸಿಘಾಟ್ ಕೂಡ ಇದೆ. ಕರ್ನಾಟಕದ್ದು ಬೆಂಗಳೂರು ಒಂದೇ. ಆ ವರದಿಯಲ್ಲಿ ಗಂಡಸರ ಕ್ಯಾನ್ಸರ್ ಪ್ರಮಾಣ ಐಜ್ವಾಲಿನಲ್ಲಿ ಲಕ್ಷಕ್ಕೆ 269.4, ಉಸ್ಮಾನಾಬಾದ್-ಬೀಡ್‌ನಲ್ಲಿ 39.5. ಒಂದೇ ದೇಶದೊಳಗೆ ಇಷ್ಟು ಅಂತರವಿರುವಾಗ ಬೆಂಗಳೂರಿನ ಅಂಕಿಯನ್ನು ಮೈಸೂರಿಗೂ ಬಳ್ಳಾರಿಗೂ ಹಂಚಿಬಿಡುವುದು ಸೋಮಾರಿತನವೇ ಸರಿ. 2001-02ರ ಅಂಕಿಗಳಿಂದ, ದೇಶದ ನೂರಕ್ಕೂ ಹೆಚ್ಚು ಕೇಂದ್ರಗಳ ಪೆಥಾಲಜಿ ದಾಖಲೆ ಕಲೆಹಾಕಿ ಒಂದು ಕ್ಯಾನ್ಸರ್ ನಕಾಶೆ ಮಾಡಿದಾಗ, ಕೇರಳದಿಂದ ಕರ್ನಾಟಕದ ಕರಾವಳಿ ಹಿಡಿದು ಗೋವಾದವರೆಗೆ ಹೆಂಗಸರ ಥೈರಾಯ್ಡ್ ಕ್ಯಾನ್ಸರಿನ ಒಂದು ಪಟ್ಟಿ ಕಂಡಿತು. ಆ ಕೆಲಸದ ಮುಂದಾಳೂ ಇದೇ ನಂದಕುಮಾರ್.

ಮೈಸೂರಿಗೆ ದಾಖಲೆ ಇಡಲು ಬಾರದು ಎನ್ನುವಂತೆಯೂ ಇಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಯಾರೋ ದಾದಿಯರು, ಯಾವ ಸಂಶೋಧನೆಯ ಗೊಡವೆಯೂ ಇಲ್ಲದೆ ತುಂಬಿದ ಪುಸ್ತಕಗಳು. ದಶಕಗಳ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಆಸ್ಪತ್ರೆಯ ವೈದ್ಯರು ಆ ಪುಸ್ತಕ ಹಿಡಿದು ಅಲ್ಲಿ ಹುಟ್ಟಿದವರನ್ನು ಮನೆಮನೆಯಲ್ಲಿ ಹುಡುಕಿದರು. 517 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದರು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ, ಮೂರು ಕಿಲೋ ದಾಟಿದವರಲ್ಲಿ 3. ಜಗತ್ತಿನ ವೈದ್ಯರು ಮೈಸೂರಿನ ಹೆಸರು ಹೇಳುವುದು ಈ ಹೆರಿಗೆ ಪುಸ್ತಕದಿಂದ.

ರಾಗಿಯ ರಸಾಯನ ಬಲ್ಲವರೂ ಇದೇ ಊರಿನಲ್ಲಿದ್ದರು. ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ನೆಲೆಯಾದ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತಿತರರು ರಾಗಿಯ ಹಿಟ್ಟು, ಅರಳು, ಮೊಳಕೆ, ಸಿಪ್ಪೆಯ ಪಾಲಿಫಿನಾಲುಗಳ ಮೇಲೆ ವರ್ಷಗಟ್ಟಲೆ ದುಡಿದರು. ಕಾಳು ಮೈಸೂರಿನ ಲ್ಯಾಬಿನಲ್ಲಿ, ರೋಗಿಯ ಕಡತ ಬೆಂಗಳೂರಿನ ಕಪಾಟಿನಲ್ಲಿ. ನಡುವೆ ಇದ್ದದ್ದು ಕೇವಲ 140 ಕಿಲೋಮೀಟರ್.

ಸಿಟ್ಟು ಬರುವುದು ಇಲ್ಲಿ. ಆ 348 ಮಂದಿಯ ಕಾಲದ ಜಗಿತ ಈಗಿಲ್ಲ. ಕಡ್ಡಿಪುಡಿಯ ಜಾಗಕ್ಕೆ ಗುಟ್ಕಾ ಪ್ಯಾಕೆಟ್ ಬಂತು, 2013ರಲ್ಲಿ ರಾಜ್ಯ ಅದನ್ನು ನಿಷೇಧಿಸಿತು, ಪಾನ್ ಮಸಾಲಾ ಮತ್ತು ಹೊಗೆಸೊಪ್ಪು ಬೇರೆಬೇರೆ ಚೀಟಿಯಲ್ಲಿ ನೇತುಬಿದ್ದವು. ಅದೇ ವರ್ಷ ಅನ್ನಭಾಗ್ಯದ ಅಕ್ಕಿ ಮುದ್ದೆಯ ಮನೆಗಳಿಗೂ ಬಂತು. ಎರಡು ಹೊತ್ತು ಮುದ್ದೆ ಉಂಡು, ದಿನವಿಡೀ ಹೊಗೆಸೊಪ್ಪು ಜಗಿದ ತಲೆಮಾರು ಲೆಕ್ಕಕ್ಕೆ ಸಿಗದೆ ಕರಗುತ್ತಿದೆ. ಕರ್ನಾಟಕ ಕ್ಯಾನ್ಸರನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿಗೆ ಸೇರಿಸಿದೆ. ಆದರೆ ವರದಿ ಬಂದು ಬೀಳುವ ಕಡೆ ತಾಳೆ ನೋಡುವ ಜನ ಬೇಕು. ಭಾಗಿಸಲು ಜನಗಣತಿ ಬೇಕು, ನಡೆದದ್ದು 2011ರಲ್ಲಿ.

ಹಳ್ಳಿಗಾಡಿನಲ್ಲಿ ಇದು ಆಗದ ಕೆಲಸ ಎನ್ನುವವರಿಗೆ ಮಹಾರಾಷ್ಟ್ರದ ಬಾರ್ಶಿ ಇದೆ. ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ 346 ಹಳ್ಳಿಗಳಲ್ಲಿ 1987ರಿಂದ ನೋಂದಣಿ ನಡೆದಿದೆ. ಲ್ಯಾಬಿಲ್ಲದ ಊರುಗಳಿಗೆ ಕಾರ್ಯಕರ್ತರೇ ಹೋಗಿ, ಜನರೊಡನೆ ಮಾತಾಡಿ, ಲಕ್ಷಣ ಕಂಡವರನ್ನು ಆಸ್ಪತ್ರೆಗೆ ಕರೆತಂದು ಲೆಕ್ಕ ಬರೆದರು. ಹುಣಸೂರೋ ಪಿರಿಯಾಪಟ್ಟಣವೋ ಅದಕ್ಕಿಂತ ದುರ್ಗಮವಲ್ಲ. ಬಾರ್ಶಿಯ ಕಡೆಯವರ ಊಟ ಮಾತ್ರ ಜೋಳದ ರೊಟ್ಟಿ. ರಾಗಿಯ ಪ್ರಶ್ನೆಯನ್ನು ಅಲ್ಲಿ ಕೇಳುವಂತಿಲ್ಲ.